ಜೈನ ವಾಙ್ಮಯದಲ್ಲಿ ಅಸ್ಥಿಸಂಧಿ ವಿಚಾರ: ಸಂಹನನ ಮತ್ತು ಚಿಕಿತ್ಸೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟಕ್ಕೆ, ಅಂದರೆ ಇಂದಿನ ಸೇಡಂ ತಾಲೂಕಿನ ಮಳಖೇಡಕ್ಕೆ, ದೂರವಲ್ಲದ ನಾಡು. ಜೋಳ ತೊಗರಿಗಳ ಈ ಎರೆಭೂಮಿಯಲ್ಲಿ ಬಾಗಿ ದುಡಿಯುವವರಿಗೆ ನಡನೋವು, ಮೊಣಕಾಲ ಬೇನೆ, ಎಲುಬಿನ ಮುರಿತಗಳು ಅಪರಿಚಿತವಲ್ಲ. ಈ ವ್ಯಾಧಿಗಳ ಆಶ್ರಯವಾದ ಎಲುಬು ಮತ್ತು ಕೀಲುಗಳನ್ನು ಜೈನಾಚಾರ್ಯರು ಎರಡು ಶಾಸ್ತ್ರಗಳಲ್ಲಿ ವಿವೇಚಿಸಿದ್ದಾರೆ. ಕರ್ಮಶಾಸ್ತ್ರದಲ್ಲಿ ಅದು ಸಂಹನನ. ವೈದ್ಯಶಾಸ್ತ್ರದಲ್ಲಿ ವಾತವ್ಯಾಧಿ ಮತ್ತು ಭಗ್ನ. ಅಸ್ಥಿಬಂಧವು ನಾಮಕರ್ಮದ ಫಲವೆಂದಾದರೆ, ಮುರಿದ ಎಲುಬಿಗೆ ಕಟ್ಟು ಕಟ್ಟುವ ವೈದ್ಯನಿಗೆ ಎಡೆಯೆಲ್ಲಿ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ.

ಸಂಹನನವು ಆರು ವಿಧ: ವಜ್ರವೃಷಭನಾರಾಚ, ವಜ್ರನಾರಾಚ, ನಾರಾಚ, ಅರ್ಧನಾರಾಚ, ಕೀಲಿತ, ಅಸಂಪ್ರಾಪ್ತಾಸೃಪಾಟಿಕಾ. ದಿಗಂಬರ ವ್ಯಾಖ್ಯಾನಕಾರರ ಪ್ರಕಾರ ವೃಷಭವೆಂದರೆ ಸುತ್ತಿದ ವೇಷ್ಟನ, ನಾರಾಚವೆಂದರೆ ಕೀಲ. ಎಲುಬು, ವೇಷ್ಟನ, ಕೀಲ ಮೂರೂ ವಜ್ರದಂತೆ ಅಭೇದ್ಯವಾಗಿರುವುದು ಮೊದಲನೆಯದು. ಶ್ವೇತಾಂಬರ ವ್ಯಾಖ್ಯಾನಗಳಲ್ಲಾದರೋ ವಜ್ರವೇ ಕೀಲ, ಋಷಭವು ಪಟ್ಟಿ, ನಾರಾಚವು ಎಲುಬುಗಳು ಪರಸ್ಪರ ಹಿಡಿದುಕೊಂಡಿರುವ ಮರ್ಕಟಬಂಧ. ಕೊನೆಯದರ ಹೆಸರು ಪ್ರಾಕೃತದಲ್ಲಿ 'ಸೇವಟ್ಟ' ಎಂದೂ ಸಂಸ್ಕೃತದಲ್ಲಿ 'ಸೃಪಾಟಿಕಾ' ಎಂದೂ ಬರುವುದರಿಂದ ಪ್ರತಿಗಳನ್ನು ಓದುವವರು ಎರಡೂ ರೂಪಗಳನ್ನು ಗಮನದಲ್ಲಿಡಬೇಕಾಗುತ್ತದೆ. ಗೋಮ್ಮಟಸಾರಕ್ಕೆ ಕೇಶವಣ್ಣನು 1359ರಲ್ಲಿ ಮುಗಿಸಿದ ಕನ್ನಡ ವೃತ್ತಿಯ ಮೂಲಕ ಕರ್ಮಪ್ರಕೃತಿಗಳ ಈ ವಿಚಾರವೆಲ್ಲ ಕನ್ನಡದಲ್ಲಿಯೂ ನೆಲೆಗೊಂಡಿತು.

ಆರನೆಯ ಸಂಹನನದಲ್ಲಿ ಎಲುಬುಗಳು ಒಳಗೆ ಒಂದಕ್ಕೊಂದು ಬೆಸೆದಿರುವುದಿಲ್ಲ. ಸಿರೆ, ಸ್ನಾಯು, ಮಾಂಸಗಳು ಹೊರಗಿನಿಂದ ಅವನ್ನು ಬಿಗಿದಿರುತ್ತವೆ. ಪಂಚಮಕಾಲದ ಮನುಷ್ಯರಿಗೆ ಕೊನೆಯ ಮೂರು ಸಂಹನನಗಳು ಮಾತ್ರ ಸಂಭವಿಸುತ್ತವೆ. ಕೀಲಿನಲ್ಲಿ ಎಲುಬಿನ ತುದಿಗಳ ಮೇಲೆ ಮೃದ್ವಸ್ಥಿಯ ಹೊದಿಕೆಯಿದ್ದು, ಸುತ್ತಲಿನ ಕೋಶವೂ ಬಂಧಕಗಳೂ ಅವನ್ನು ಹಿಡಿದಿರುತ್ತವೆಂದು ಇಂದಿನ ಶರೀರಶಾಸ್ತ್ರ ಹೇಳುತ್ತದೆ. ಈ ಎರಡು ವರ್ಣನೆಗಳ ಸಾಮ್ಯ ಗಮನಾರ್ಹವಾದರೂ, ಸಂಹನನ ವಿಚಾರದ ಉದ್ದೇಶ ಶರೀರರಚನೆಯಲ್ಲ. ತಪಸ್ಸಿಗೆ ಮತ್ತು ಧ್ಯಾನಕ್ಕೆ ದೇಹವು ಎಷ್ಟು ಸಮರ್ಥವೆಂಬ ನಿರ್ಣಯ. ಉತ್ತಮ ಸಂಹನನವುಳ್ಳವನಿಗೆ ಮಾತ್ರ ಏಕಾಗ್ರಧ್ಯಾನವನ್ನು ಹೇಳಿದ ತತ್ತ್ವಾರ್ಥಸೂತ್ರದ ಆಶಯವೂ ಇದೇ.

ಮುನಿಧರ್ಮದಲ್ಲಿ ಈ ವಿಚಾರ ಇನ್ನೂ ಪ್ರತ್ಯಕ್ಷವಾಗುತ್ತದೆ. ದಿಗಂಬರ ಮುನಿಯು ನಿಂತೇ ಆಹಾರ ಸ್ವೀಕರಿಸಬೇಕು. ಸ್ಥಿತಿಭೋಜನವು 28 ಮೂಲಗುಣಗಳಲ್ಲಿ ಒಂದು. ವಿಹಾರವೂ ಕಾಲ್ನಡಿಗೆಯಿಂದಲೇ. ಆದುದರಿಂದ ಗೃಹಸ್ಥನಿಗೆ ಮೊಣಕಾಲ ಬೇನೆಯು ಕಷ್ಟ ಮಾತ್ರವಾದರೆ ಮುನಿಗೆ ಅದು ವ್ರತದ ಪ್ರಶ್ನೆ. ಶಿವಾರ್ಯರ ಭಗವತೀ ಆರಾಧನೆಯು ಭಕ್ತಪ್ರತ್ಯಾಖ್ಯಾನಕ್ಕೆ ಕಾರಣಗಳನ್ನು ಹೇಳುವಾಗ ಕಣ್ಣು ಕಿವಿಗಳ ದೌರ್ಬಲ್ಯದೊಡನೆ ಜಂಘಾಬಲದ ಹಾನಿಯನ್ನೂ ಎಣಿಸುವುದು ಈ ದೃಷ್ಟಿಯಿಂದಲೇ.

ಹಾಗಾದರೆ ಚಿಕಿತ್ಸೆಯ ಸ್ಥಾನವೇನು? ಅಸ್ಥಿಬಂಧದ ಭೇದಕ್ಕೆ ಕಾರಣ ನಾಮಕರ್ಮ. ನೋವಿನ ಅನುಭವಕ್ಕೆ ಕಾರಣ ಅಸಾತಾವೇದನೀಯ. ಇವೆರಡೂ ಒಂದೇ ಅಲ್ಲ. ದುಃಖಶಮನಕ್ಕೆ ಹೇತುವಾದ ದ್ರವ್ಯಗಳು ಒದಗುವುದನ್ನು ಸಾತಾವೇದನೀಯದ ವ್ಯಾಪಾರವೆಂದು ವೀರಸೇನಾಚಾರ್ಯರು ಧವಲೆಯಲ್ಲಿ ವಿವರಿಸಿದ್ದಾರೆ. ಔಷಧದಾನವು ಚತುರ್ವಿಧ ದಾನಗಳಲ್ಲಿಯೂ ವೈಯಾವೃತ್ತ್ಯವು ಅಂತರಂಗ ತಪಸ್ಸುಗಳಲ್ಲಿಯೂ ಸೇರಿರುವುದು ಇದಕ್ಕೆ ಸಂಗತವಾಗಿದೆ. ಸಂಹನನದ ಹೆಸರಿನಲ್ಲಿ ರೋಗಿಯನ್ನು ಉಪೇಕ್ಷಿಸುವುದಕ್ಕೆ ಶಾಸ್ತ್ರದ ಆಧಾರವಿಲ್ಲ.

ಆದರೆ ಚಿಕಿತ್ಸೆಯ ದ್ರವ್ಯಗಳಲ್ಲಿ ತೊಡಕಿತ್ತು. ಸುಶ್ರುತನು ಭಗ್ನರೋಗಿಗೆ ಹಾಲು ತುಪ್ಪಗಳೊಡನೆ ಮಾಂಸರಸವನ್ನೂ ವಿಧಿಸುತ್ತಾನೆ. ಗಾಯವಿರುವ ಮುರಿತಕ್ಕೆ ತುಪ್ಪ ಮತ್ತು ಜೇನು ಬೆರೆಸಿದ ಕಷಾಯದ್ರವ್ಯಗಳನ್ನು ಹೇಳುತ್ತಾನೆ. ವಾತವ್ಯಾಧಿಗೆ ತುಪ್ಪ, ಎಣ್ಣೆಗಳಲ್ಲದೆ ವಸೆ, ಮಜ್ಜೆಗಳೂ ಸ್ನೇಹದ್ರವ್ಯಗಳೇ. ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಮೂಲಗುಣವಾಗಿ ಸ್ವೀಕರಿಸಿದ ಶ್ರಾವಕನಿಗೆ ಇವು ಗ್ರಾಹ್ಯವಲ್ಲ. ರಾಮಗಿರಿಯಲ್ಲಿ ಕಲ್ಯಾಣಕಾರಕವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು ನೃಪತುಂಗವಲ್ಲಭನ ಸಭೆಯಲ್ಲಿ ವೈದ್ಯ ವಿದ್ವಾಂಸರೆದುರು ಮಾಂಸಭಕ್ಷಣೆಯನ್ನು ಖಂಡಿಸಿದರೆಂದು ಆ ಗ್ರಂಥದ ಹಿತಾಹಿತ ಪ್ರಕರಣದಿಂದ ತಿಳಿಯುತ್ತದೆ. ಈ ನೃಪತುಂಗನನ್ನು ಮಾನ್ಯಖೇಟದ ಅಮೋಘವರ್ಷನೆಂದು (814–878) ವಿದ್ವಾಂಸರು ಗುರುತಿಸಿದ್ದಾರೆ. ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕರ್ಣಾಟಕ ಕಲ್ಯಾಣಕಾರಕವಾಗಿ ಕನ್ನಡಕ್ಕೆ ತಂದನು. ಉಗ್ರಾದಿತ್ಯರ ಗ್ರಂಥ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದನೆಯಲ್ಲಿ 1940ರಲ್ಲಿ ಬೆಳಕು ಕಂಡದ್ದು ಆಳಂದ, ಅಫಜಲಪುರಗಳಿಗೆ ನೆರೆಯಾದ ಸೊಲ್ಲಾಪುರದಿಂದ.

ಈ ದ್ರವ್ಯವಿವೇಕವು ಹಸ್ತಪ್ರತಿ ಪರಿಶೀಲನೆಗೂ ಉಪಯುಕ್ತವಾದುದು. ಭೀಮಾತೀರದ ಈ ತಾಲೂಕುಗಳಲ್ಲಿಯಾಗಲಿ ಬೇರೆಡೆಯಲ್ಲಾಗಲಿ ಆದಿ ಅಂತ್ಯಗಳಿಲ್ಲದ ವೈದ್ಯದ ಓಲೆಗಳು ದೊರೆತಾಗ, ಭಗ್ನ ಮತ್ತು ವಾತರೋಗಗಳ ಭಾಗವನ್ನು ಮೊದಲು ನೋಡಬೇಕು. ಮಾಂಸರಸ, ವಸೆ, ಮಜ್ಜೆಗಳು ಇಲ್ಲವೆಂದ ಮಾತ್ರಕ್ಕೆ ಅದು ಜೈನಕೃತಿಯೆಂದು ಹೇಳಲಾಗದು. ಈ ಸೀಮೆಯಲ್ಲಿ ವೀರಶೈವ ವೈದ್ಯರೂ ಮಾಂಸವರ್ಜಿತರೇ. ಆದರೆ ವೀರಶೈವರಿಗೆ ಜೇನು ನಿಷಿದ್ಧವಲ್ಲ. ತುಪ್ಪ ಉಳಿದು, ಜೇನಿರಬೇಕಾದಲ್ಲೆಲ್ಲ ಬೆಲ್ಲವೋ ಸಕ್ಕರೆಯೋ ಕಂಡುಬಂದರೆ ಜೈನ ಹಸ್ತವನ್ನು ಊಹಿಸಲು ಅವಕಾಶವುಂಟು. ಜೇನು ದೊರೆಯದಾಗ ಹಳೆಯ ಬೆಲ್ಲವನ್ನು ಬಳಸುವ ರೂಢಿ ಇತರ ವೈದ್ಯರಲ್ಲಿಯೂ ಇರುವುದರಿಂದ ಒಂದೆರಡು ಯೋಗಗಳು ಸಾಲವು. ಕೃತಿಯುದ್ದಕ್ಕೂ ಅದೇ ನಿಯಮ ನಡೆದಿರಬೇಕು. ಕರ್ತೃವಿನ ಹೆಸರು ಅಳಿದ ಗ್ರಂಥದಲ್ಲಿ ಕೂಡ, ಕಟ್ಟಿದ ಔಷಧದಿಂದಲೇ ಕಟ್ಟಿದವನ ಧರ್ಮವು ಗೋಚರವಾಗಬಹುದು.