ಹಾಟ್ ಸ್ಟೋವ್ ಲೀಗ್: ಬೇಸ್‌ಬಾಲಿನ ಚಳಿಗಾಲದ ಚರ್ಚೆ

ಹಾಟ್ ಸ್ಟೋವ್ ಲೀಗ್: ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬೇಸ್‌ಬಾಲ್ ಪಂದ್ಯಗಳ ಋತು ಶರತ್ಕಾಲದಲ್ಲಿ ಮುಗಿದ ತರುವಾಯ, ವಸಂತದ ಅಭ್ಯಾಸ ಶಿಬಿರಗಳು ತೆರೆಯುವ ಪರ್ಯಂತ, ವೃತ್ತಿಪರ ಆಟಗಾರರ ಯೋಗ್ಯತೆಯನ್ನೂ ಅವರ ಆಟದ ಆಯುಷ್ಯವನ್ನೂ, ತಂಡಗಳು ಅವರನ್ನು ಕೊಳ್ಳುವ, ಕೈಬಿಡುವ, ಅದಲುಬದಲು ಮಾಡಿಕೊಳ್ಳುವ ನಿರ್ಧಾರಗಳನ್ನೂ ಕುರಿತು ಅಭಿಮಾನಿಗಳೂ ಪತ್ರಿಕೆಗಳೂ ನಡೆಸುವ ವಾದವಿವಾದಕ್ಕೆ ರೂಢಿಯಲ್ಲಿರುವ ಹೆಸರು. ಹೊರಗೆ ಹಿಮ ಸುರಿಯುತ್ತಿರುವಾಗ ಊರಿನ ದಿನಸಿ ಅಂಗಡಿಯ ನಡುವಣ ಕಬ್ಬಿಣದ ಅಗ್ಗಿಷ್ಟಿಕೆಯ ಸುತ್ತ ಕುರ್ಚಿಗಳನ್ನೆಳೆದುಕೊಂಡು, ಅಂಗೈ ಕಾಯಿಸಿಕೊಳ್ಳುತ್ತ, ಕಳೆದ ಋತುವಿನ ಸೋಲುಗೆಲುವುಗಳನ್ನು ಮಾತಿನಲ್ಲಿ ಮತ್ತೊಮ್ಮೆ ಆಡಿ ಮುಗಿಸುತ್ತಿದ್ದ ಜನರ ಚಿತ್ರ ಈ ಹೆಸರಿನ ಹಿಂದಿದೆ. ಪದವನ್ನು ಮೊದಲು ಬಳಸಿದ ಪತ್ರಕರ್ತ ಯಾರೆಂಬುದರಲ್ಲಿ ಏಕಾಭಿಪ್ರಾಯವಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದು ಪತ್ರಿಕೆಗಳ ನಿತ್ಯದ ಮಾತಾಗಿತ್ತು, ಮತ್ತು ಬೇಸ್‌ಬಾಲಿನ ಚರಿತ್ರಕಾರ ಲೀ ಆ್ಯಲನ್ 1955 ರಲ್ಲಿ ತನ್ನ ಗ್ರಂಥವೊಂದಕ್ಕೆ ಅದನ್ನೇ ಶೀರ್ಷಿಕೆಯಾಗಿಟ್ಟ.

ಈ ಚರ್ಚೆಯನ್ನು ಬರಿಯ ಹರಟೆಯೆಂದು ಭಾವಿಸಿ, ಸ್ವಾರಸ್ಯವಾದ ನಾಲ್ಕು ಕಥೆಗಳನ್ನು ಪೋಣಿಸಿ ಅದರ ಚರಿತ್ರೆಯನ್ನು ಮುಗಿಸಿಬಿಡುವುದುಂಟು. ಆದರೆ ಆಟಗಾರ ಯಾರ ಸ್ವತ್ತು, ಅವನ ಬೆಲೆ ಕಟ್ಟುವ ಅಧಿಕಾರ ಯಾರದು ಎಂಬ ಪ್ರಶ್ನೆಗಳಿಗೆ ಆಯಾ ಕಾಲದಲ್ಲಿ ದೊರೆತ ಉತ್ತರವನ್ನನುಸರಿಸಿ ಚರ್ಚೆಯ ಸ್ವರೂಪವೇ ಬದಲಾಗುತ್ತ ಬಂದಿದೆಯಾದ್ದರಿಂದ, ಕರಾರುಗಳ ಚರಿತ್ರೆಯನ್ನು ಬಿಟ್ಟು ಇದನ್ನು ಅರಿಯುವುದು ಸಾಧ್ಯವಿಲ್ಲ.

ಆರಂಭದ ಘಟ್ಟ ಸುಪರಿಚಿತವಾದದ್ದು. 1869 ರಲ್ಲಿ ಸಿನ್ಸಿನಾಟಿಯ ರೆಡ್ ಸ್ಟಾಕಿಂಗ್ಸ್ ತಂಡ ತನ್ನ ಆಟಗಾರರಿಗೆಲ್ಲ ಬಹಿರಂಗವಾಗಿ ಸಂಬಳ ಕೊಟ್ಟಿತು; 1876 ರಲ್ಲಿ ನ್ಯಾಷನಲ್ ಲೀಗ್ ಸ್ಥಾಪನೆಯಾಯಿತು; 1879 ರ ಸೆಪ್ಟೆಂಬರಿನಲ್ಲಿ ತಂಡಗಳ ಒಡೆಯರು ಬಫಲೋ ನಗರದಲ್ಲಿ ಸೇರಿ, ಪ್ರತಿಯೊಂದು ತಂಡವೂ ಐವರು ಆಟಗಾರರನ್ನು ತನಗಾಗಿ ಕಾದಿರಿಸಿಕೊಳ್ಳಬಹುದೆಂದೂ ಅವರನ್ನು ಉಳಿದ ತಂಡಗಳು ಮುಟ್ಟಕೂಡದೆಂದೂ ಗುಟ್ಟಾಗಿ ಒಪ್ಪಂದ ಮಾಡಿಕೊಂಡರು. ಐವರಿಗೆ ಮೊದಲಾದ ಈ ಕಾದಿರಿಸುವ ನಿಬಂಧನೆ ಕೆಲವೇ ವರ್ಷಗಳಲ್ಲಿ ಇಡೀ ತಂಡವನ್ನು ವ್ಯಾಪಿಸಿತು. 1887 ರ ಚಳಿಗಾಲದಲ್ಲಿ ಜನಪ್ರಿಯ ಆಟಗಾರ ಕಿಂಗ್ ಕೆಲ್ಲಿಯನ್ನು ಚಿಕಾಗೋ ತಂಡ 10,000 ಡಾಲರಿಗೆ ಬಾಸ್ಟನ್ನಿಗೆ ಮಾರಿದಾಗ ದೇಶವೆಲ್ಲ ಅದನ್ನೇ ಮಾತಾಡಿತು. ಆಟಗಾರನೂ ಕಾನೂನು ಪದವೀಧರನೂ ಆಗಿದ್ದ ಜಾನ್ ಮಾಂಟ್‌ಗೊಮೆರಿ ವಾರ್ಡ್ ಅದೇ ವರ್ಷ, ಆಟಗಾರನೆಂಬವನು ಚರಸ್ವತ್ತೇ ಎಂದು ಪ್ರಶ್ನಿಸಿ ಲೇಖನ ಬರೆದ. ಅವನ ಮುಂದಾಳುತನದಲ್ಲಿ ಆಟಗಾರರು 1890 ರಲ್ಲಿ ಕಟ್ಟಿದ ಸ್ವತಂತ್ರ ಲೀಗ್ ಒಂದೇ ಋತು ಬಾಳಿತು. 1922 ರಲ್ಲಿ ಸರ್ವೋಚ್ಚ ನ್ಯಾಯಾಲಯ, ಬೇಸ್‌ಬಾಲ್ ಅಂತರರಾಜ್ಯ ವ್ಯಾಪಾರವಲ್ಲವೆಂದೂ ಏಕಸ್ವಾಮ್ಯ ನಿರೋಧದ ಶಾಸನ ಅದಕ್ಕೆ ಅನ್ವಯಿಸದೆಂದೂ ತೀರ್ಪಿತ್ತಿತು. ಅಲ್ಲಿಂದ ಮುಂದೆ ಅರ್ಧ ಶತಮಾನ ಅಗ್ಗಿಷ್ಟಿಕೆಯ ಸುತ್ತಲಿನ ಮಾತೆಲ್ಲವೂ ಒಡೆಯನ ಬುದ್ಧಿವಂತಿಕೆ ಅಥವಾ ದಡ್ಡತನವನ್ನು ಕುರಿತದ್ದು. ಆಟಗಾರನ ಇಚ್ಛೆಯೆಂಬುದು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಆ ಕಾಲದ ಅತಿ ಪ್ರಸಿದ್ಧ ನಿರ್ಧಾರವೂ, ಬರೆವಣಿಗೆಯಲ್ಲಿ ಅತಿ ಹೆಚ್ಚು ಕಲಸಿಹೋದ ನಿರ್ಧಾರವೂ ಬೇಬ್ ರೂತನ ಮಾರಾಟ. ಬಾಸ್ಟನ್ ರೆಡ್ ಸಾಕ್ಸ್ ತಂಡದ ಒಡೆಯ ಹ್ಯಾರಿ ಫ್ರೇಜಿ 1919 ರ ಡಿಸೆಂಬರ್ 26 ರ ತಾರೀಖಿನ ಕರಾರಿನಲ್ಲಿ ರೂತನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ 1,00,000 ಡಾಲರಿಗೆ ಮಾರಿದ. ಸುದ್ದಿ ಹೊರಬಿದ್ದದ್ದು 1920 ರ ಜನವರಿ 5 ರಂದು. ಹಣ ಒಮ್ಮೆಗೇ ಬರಲಿಲ್ಲ: 25,000 ಡಾಲರಿನ ಮೊದಲ ಕಂತು ಕಳೆದು ಮಿಕ್ಕದ್ದಕ್ಕೆಲ್ಲ ನೂರಕ್ಕೆ ಆರರ ಬಡ್ಡಿಯ ಪತ್ರಗಳು. ಇದಲ್ಲದೆ ಯಾಂಕೀಸ್ ಒಡೆಯ ಜೇಕಬ್ ರೂಪರ್ಟ್ ಬಾಸ್ಟನ್ನಿನ ಫೆನ್‌ವೇ ಪಾರ್ಕ್ ಮೈದಾನದ ಅಡವಿನ ಮೇಲೆ 3,00,000 ಡಾಲರ್ ಸಾಲ ಕೊಡಲೂ ಒಪ್ಪಿದ್ದ.

ಫ್ರೇಜಿ ನಾಟಕಗಳ ನಿರ್ಮಾಪಕ. ‘ನೋ, ನೋ, ನ್ಯಾನೆಟ್’ ಎಂಬ ಸಂಗೀತ ನಾಟಕಕ್ಕೆ ಹಣ ಹೊಂದಿಸಲೆಂದು ಅವನು ರೂತನನ್ನು ಮಾರಿದನೆಂಬ ಕಥೆ ಬಾಸ್ಟನ್ನಿನಲ್ಲಿ ತಲೆಮಾರುಗಳಿಂದ ಹೇಳಿಕೆಯಾಗಿ ಬಂದು, ಹಲವು ಪುಸ್ತಕಗಳಲ್ಲಿ ಸಿದ್ಧಸತ್ಯವೆಂಬಂತೆ ಅಚ್ಚಾಗಿದೆ. ಆ ನಾಟಕ ನ್ಯೂಯಾರ್ಕಿನ ರಂಗಕ್ಕೆ ಬಂದದ್ದು 1925 ರಲ್ಲಿ; ಮಾರಾಟವಾಗಿ ಐದು ವರ್ಷ ಕಳೆದ ಮೇಲೆ, ಫ್ರೇಜಿ ತಂಡವನ್ನೇ ಬೇರೆಯವರಿಗೆ ಕೊಟ್ಟು ಎರಡು ವರ್ಷವಾದ ಮೇಲೆ. ಹಾಗೆಂದು ಕಥೆ ಸಂಪೂರ್ಣ ನಿರಾಧಾರವೆನ್ನುವುದೂ ಸರಿಯಲ್ಲ: ಆ ಸಂಗೀತ ನಾಟಕದ ಮೂಲವಾದ ‘ಮೈ ಲೇಡಿ ಫ್ರೆಂಡ್ಸ್’ ಎಂಬ ಪ್ರಹಸನ ಮಾರಾಟದ ಅದೇ ಡಿಸೆಂಬರಿನಲ್ಲಿ ರಂಗವೇರಿತ್ತು. ಅದಕ್ಕಿಂತ ಗಟ್ಟಿಯಾದ ಕಾರಣಗಳು ಬೇರೆ ಇವೆ. ತಂಡದ ಹಿಂದಿನ ಒಡೆಯ ಜೋಸೆಫ್ ಲ್ಯಾನಿನನಿಗೆ ಸಲ್ಲಬೇಕಾದ ಸಾಲ ತೀರಿರಲಿಲ್ಲ. ವರ್ಷಕ್ಕೆ 10,000 ಡಾಲರಿನ ಕರಾರು ಇನ್ನೂ ನಡೆಯುತ್ತಿರುವಾಗಲೇ ರೂತ್ ಅದರ ಎರಡರಷ್ಟು ಕೇಳಿ ಹಟ ಹಿಡಿದಿದ್ದ. ಅವನು 29 ಹೋಮ್‌ರನ್‌ಗಳ ದಾಖಲೆ ಮಾಡಿದ 1919 ರ ಋತುವಿನಲ್ಲೂ ತಂಡ ಪಟ್ಟಿಯ ಕೆಳಗಿನ ಅರ್ಧದಲ್ಲೇ ಉಳಿದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಅಮೆರಿಕನ್ ಲೀಗಿನ ಅಧ್ಯಕ್ಷ ಬ್ಯಾನ್ ಜಾನ್ಸನ್‌ಗೂ ಫ್ರೇಜಿಗೂ ಇದ್ದ ಹಗೆಯಿಂದಾಗಿ ಐದು ತಂಡಗಳು ಅಧ್ಯಕ್ಷನ ಕಡೆ ನಿಂತು, ಫ್ರೇಜಿಯೊಡನೆ ವ್ಯವಹರಿಸಬಲ್ಲ ತಂಡಗಳೇ ಯಾಂಕೀಸ್ ಮತ್ತು ಚಿಕಾಗೋ ವೈಟ್ ಸಾಕ್ಸ್ ಎಂಬೆರಡಕ್ಕೆ ಇಳಿದಿದ್ದವು. ಮಾರಾಟದ ಮಾರನೆಯ ಋತುವಿನಲ್ಲಿ ರೂತ್ 54 ಹೋಮ್‌ರನ್ ಹೊಡೆದ. 1918 ರಲ್ಲಿ ವಿಶ್ವಸರಣಿ ಗೆದ್ದಿದ್ದ ಬಾಸ್ಟನ್ ಮತ್ತೆ ಗೆದ್ದದ್ದು 2004 ರಲ್ಲಿ. ಈ ಅಂತರವನ್ನು ಶಾಪವೆಂದು ಕರೆಯುವ ವಾಡಿಕೆಯನ್ನು ಮನೆಮಾತಾಗಿಸಿದ್ದು ಡ್ಯಾನ್ ಶಾಗ್ನೆಸಿಯ 1990 ರ ಪುಸ್ತಕ. ಪುರಾತನವೆಂದು ಜನ ನಂಬಿದ ಶಾಪದ ಪ್ರಸಿದ್ಧಿ ಹೀಗೆ ಎಪ್ಪತ್ತು ವರ್ಷ ತಡವಾಗಿ ಬಂದದ್ದೆಂಬುದನ್ನು ಓದುಗರು ಗಮನಿಸಬೇಕು.

ಆಟಗಾರನ ವಯಸ್ಸನ್ನು ಅಳೆಯುವುದರಲ್ಲಿ ಒಡೆಯರು ಎಡವಿದ ನಿದರ್ಶನಗಳಲ್ಲಿ ಒಂದನ್ನಾದರೂ ಹೇಳದೆ ಮುಂದೆ ಹೋಗಲಾಗದು. 1965 ರ ಡಿಸೆಂಬರಿನಲ್ಲಿ ಸಿನ್ಸಿನಾಟಿ ರೆಡ್ಸ್, ಮೂವತ್ತು ತುಂಬಿದ ಫ್ರ್ಯಾಂಕ್ ರಾಬಿನ್ಸನ್ನನನ್ನು ಮೂವರು ಆಟಗಾರರಿಗೆ ಬದಲಾಗಿ ಬಾಲ್ಟಿಮೋರಿಗೆ ಕೊಟ್ಟಿತು. ಅವನದು ಎಳೆಯ ಮೂವತ್ತಲ್ಲವೆಂಬುದು ತಂಡದ ಒಡೆಯ ಬಿಲ್ ಡೆವಿಟ್ ಕೊಟ್ಟ ಸಮಜಾಯಿಷಿ. ಮುಂದಿನ ಋತುವಿನಲ್ಲಿ ರಾಬಿನ್ಸನ್ ಸರಾಸರಿ, ಹೋಮ್‌ರನ್, ತಂದುಕೊಟ್ಟ ರನ್ ಮೂರರಲ್ಲೂ ತನ್ನ ಲೀಗಿಗೆ ಮೊದಲಿಗನಾಗಿ, ಶ್ರೇಷ್ಠ ಆಟಗಾರನ ಪುರಸ್ಕಾರವನ್ನೂ ಪಡೆದ. ಬಾಲ್ಟಿಮೋರ್ ವಿಶ್ವಸರಣಿ ಗೆದ್ದಿತು.

ಆಟಗಾರ ಸ್ವತಂತ್ರನಾದ ಬಗೆಯನ್ನು ಹೇಳುವಾಗ ಕರ್ಟ್ ಫ್ಲಡ್‌ನಿಂದ ತೊಡಗುವುದು ಸಂಪ್ರದಾಯ, ಮತ್ತು ಅದು ನ್ಯಾಯವೂ ಹೌದು. 1969 ರ ಅಕ್ಟೋಬರಿನಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ಅವನನ್ನು ಫಿಲಡೆಲ್ಫಿಯಕ್ಕೆ ಕಳುಹಿಸಿ, ಪ್ರತಿಯಾಗಿ ಮುಖ್ಯವಾಗಿ ಡಿಕ್ ಆ್ಯಲನ್‌ನನ್ನು ಪಡೆಯಿತು. ವರ್ಷಕ್ಕೆ 90,000 ಡಾಲರ್ ಗಳಿಸುತ್ತಿದ್ದ ಫ್ಲಡ್ ಹೋಗಲೊಲ್ಲದೆ, ತಾನು ಕೊಂಡು ಮಾರುವ ಸ್ವತ್ತಲ್ಲವೆಂದು ಡಿಸೆಂಬರ್ 24 ರಂದು ಬೇಸ್‌ಬಾಲಿನ ಕಮಿಷನರಿಗೆ ಪತ್ರ ಬರೆದು, ನ್ಯಾಯಾಲಯದ ಮೆಟ್ಟಿಲೇರಿದ. 1970 ರ ಋತುವನ್ನು ಅವನು ಆಡಲೇ ಇಲ್ಲ. 1972 ರಲ್ಲಿ ಸರ್ವೋಚ್ಚ ನ್ಯಾಯಾಲಯ ಐದಕ್ಕೆ ಮೂರು ಮತಗಳಿಂದ ಅವನ ವಿರುದ್ಧವಾಗಿ ತೀರ್ಪಿತ್ತಿತು.

ಫ್ಲಡ್ ತೆತ್ತ ಬೆಲೆ ದೊಡ್ಡದು. ಆದರೆ ಚಳಿಗಾಲದ ಚರ್ಚೆಯನ್ನು ತಿರುಗಿಸಿದ ಘಟನೆ ಯಾವುದೆಂದು ಕೇಳಿದರೆ 1974 ರ ಡಿಸೆಂಬರನ್ನು ತೋರಿಸಬೇಕು. ಓಕ್‌ಲೆಂಡಿನ ಪಿಚರ್ ಕ್ಯಾಟ್‌ಫಿಶ್ ಹಂಟರನ 1,00,000 ಡಾಲರಿನ ಸಂಬಳದಲ್ಲಿ ಅರ್ಧವನ್ನು ವಿಮಾ ಸಂಸ್ಥೆಗೆ ಕಟ್ಟಬೇಕೆಂಬ ಷರತ್ತನ್ನು ಒಡೆಯ ಚಾರ್ಲಿ ಫಿನ್ಲಿ ಪಾಲಿಸಲಿಲ್ಲವಾಗಿ, ಕರಾರು ಮುರಿದುಬಿದ್ದಿತೆಂದು ಪಂಚಾಯಿತಿದಾರ ಪೀಟರ್ ಸೀಟ್ಸ್ ನಿರ್ಣಯಿಸಿದ. ಬೆನ್ನಲ್ಲೇ ಉತ್ತರ ಕೆರೊಲಿನದ ಅಹೋಸ್ಕಿ ಎಂಬ ಸಣ್ಣ ಊರಿನ ವಕೀಲರ ಕಚೇರಿಗೆ ದೇಶದ ಬಹುಪಾಲು ತಂಡಗಳ ಪ್ರತಿನಿಧಿಗಳು ಒಬ್ಬರ ಹಿಂದೊಬ್ಬರಂತೆ ಬಂದಿಳಿದು, ರೈತನ ಮಗನೊಬ್ಬನ ಮುಂದೆ ತಮ್ಮ ತಮ್ಮ ಬೆಲೆಯನ್ನಿಟ್ಟರು. ವರ್ಷದ ಕಡೆಯ ದಿನ ಹಂಟರ್ ಯಾಂಕೀಸ್ ಜೊತೆ ಐದು ವರ್ಷಗಳ ಕರಾರಿಗೆ ರುಜು ಹಾಕಿದ. ಮೊತ್ತವನ್ನು ಆಕರಗಳು ಬೇರೆ ಬೇರೆಯಾಗಿ ಹೇಳುತ್ತವಾದರೂ ಅದು 30 ಲಕ್ಷ ಡಾಲರನ್ನು ಮೀರಿತ್ತು. ಅವನನ್ನು ಒಲಿಸಿದವನು ಕ್ಲೈಡ್ ಕ್ಲಟ್ಸ್, ಹುಡುಗನಾಗಿದ್ದಾಗ ಹಂಟರನನ್ನು ಗುರುತಿಸಿ ಆಟಕ್ಕೆ ತಂದಿದ್ದ ಅದೇ ಮನುಷ್ಯ. ಒಬ್ಬ ಆಟಗಾರನಿಗೆ ಪೇಟೆಯಲ್ಲಿ ನಿಜವಾಗಿ ಎಷ್ಟು ಬೆಲೆಯಿದೆಯೆಂಬುದು ಅಂದು ಮೊದಲ ಬಾರಿಗೆ ಎಲ್ಲರ ಕಣ್ಣಿಗೆ ಬಿತ್ತು.

ಒಂದು ವರ್ಷದ ತರುವಾಯ, 1975 ರ ಡಿಸೆಂಬರ್ 23 ರಂದು, ಅದೇ ಸೀಟ್ಸ್ ಆ್ಯಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಎಂಬ ಇಬ್ಬರು ಪಿಚರ್‌ಗಳ ಪರವಾಗಿ ನಿರ್ಣಯ ಕೊಟ್ಟ. ವಿವಾದ ನಿಂತದ್ದು ಒಂದೇ ವಾಕ್ಯದ ಮೇಲೆ: ಆಟಗಾರ ರುಜು ಹಾಕದಿದ್ದರೆ ತಂಡವು ಕರಾರನ್ನು ಒಂದು ವರ್ಷಕ್ಕೆ ನವೀಕರಿಸಬಹುದು. ಒಂದು ವರ್ಷವೆಂದರೆ ವರ್ಷವರ್ಷವೂ ಎಂದು ಒಡೆಯರು ಓದಿಕೊಂಡು ಬಂದಿದ್ದರು. ಒಂದು ವರ್ಷವೆಂದರೆ ಒಂದೇ ವರ್ಷವೆಂದು ಸೀಟ್ಸ್ ಓದಿದ. ಒಡೆಯರು ಅವನನ್ನು ಕೂಡಲೇ ಕೆಲಸದಿಂದ ತೆಗೆದರು, ಆದರೆ ನಿರ್ಣಯ ನ್ಯಾಯಾಲಯಗಳಲ್ಲಿ ನಿಂತಿತು. ಆರು ವರ್ಷ ಆಡಿದವನು ಸ್ವತಂತ್ರನೆಂಬ ನಿಯಮ 1976 ರಲ್ಲಿ ಜಾರಿಗೆ ಬಂತು.

1985 ರಿಂದ ಮೂರು ಚಳಿಗಾಲಗಳ ದಾಖಲೆಯನ್ನು ಮರಳಿ ಓದಬೇಕಾದ ಅಗತ್ಯವಿದೆ. ಸ್ವತಂತ್ರ ಆಟಗಾರರಿಗೆ ಯಾವ ತಂಡದಿಂದಲೂ ಕರೆ ಬಾರದಿದ್ದ ಆ ವರ್ಷಗಳಲ್ಲಿ, ತಂಡಗಳಿಗೆ ವಿವೇಕ ಬಂದಿದೆ, ಆಟಗಾರರ ಬೆಲೆ ಇಳಿದಿದೆ ಎಂಬ ಮಾತುಗಳು ನಡೆದವು. 1987 ರಲ್ಲಿ ಆಂಡ್ರೆ ಡಾಸನ್ ಸಂಬಳದ ಜಾಗವನ್ನು ಖಾಲಿ ಬಿಟ್ಟ ಕರಾರುಪತ್ರವನ್ನು ಕೈಯಲ್ಲಿ ಹಿಡಿದು ಚಿಕಾಗೋ ಕಬ್ಸ್‌ನ ಅಭ್ಯಾಸ ಶಿಬಿರಕ್ಕೆ ಹೋದ. ತಂಡ ಅದರಲ್ಲಿ 5,00,000 ಡಾಲರ್ ಎಂದು ತುಂಬಿತು. ಆ ಋತುವಿನಲ್ಲಿ 49 ಹೋಮ್‌ರನ್ ಹೊಡೆದ ಡಾಸನ್, ವಿಭಾಗದಲ್ಲಿ ಕಡೆಯದಾಗಿ ಉಳಿದ ತಂಡದಿಂದ ಲೀಗಿನ ಶ್ರೇಷ್ಠ ಆಟಗಾರನಾಗಿ ಆಯ್ಕೆಯಾದ. ಒಡೆಯರು ಒಳಗೊಳಗೇ ಕೂಡಿ ಸ್ಪರ್ಧೆಯನ್ನು ತಡೆದಿದ್ದರೆಂದು ಪಂಚಾಯಿತಿದಾರರು ಒಂದಾದಮೇಲೊಂದರಂತೆ ನಿರ್ಣಯಿಸಿದರು. 1990 ರಲ್ಲಿ 28 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಂದವಾಯಿತು. ಆದಕಾರಣ ಆ ಮೂರು ಚಳಿಗಾಲಗಳ ಪತ್ರಿಕೆಗಳನ್ನು ಆಟಗಾರರ ಯೋಗ್ಯತೆಗೆ ಸಾಕ್ಷಿಯಾಗಿ ಬಳಸುವುದು ತಪ್ಪು.

ಚರ್ಚೆಗೆ ಅಂಕಿಗಳ ಆಧಾರ ಕೊಟ್ಟವರಲ್ಲಿ ಮೊದಲಿಗ, ಇಂಗ್ಲೆಂಡಿನಲ್ಲಿ ಹುಟ್ಟಿ ಕ್ರಿಕೆಟ್ ವರದಿಗಾರನಾಗಿ ವೃತ್ತಿ ತೊಡಗಿದ ಹೆನ್ರಿ ಚಾಡ್ವಿಕ್. ನಮ್ಮ ಕಾಲಕ್ಕೆ ಸಮೀಪವಾಗಿ, ಕ್ಯಾನ್ಸಸ್‌ನ ಲಾರೆನ್ಸ್ ಊರಿನ ಆಹಾರದ ಕಾರ್ಖಾನೆಯೊಂದರಲ್ಲಿ ರಾತ್ರಿ ಕಾವಲಿಗಿದ್ದ ಬಿಲ್ ಜೇಮ್ಸ್ 1977 ರಲ್ಲಿ ತಾನೇ ಹೊರತಂದ ಸಂಖ್ಯಾವಿಮರ್ಶೆಯ ಪುಸ್ತಿಕೆಯ ನೂರು ಪ್ರತಿಗಳೂ ಮಾರಾಟವಾಗಲಿಲ್ಲ. 2002 ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಅವನನ್ನೇ ಸಲಹೆಗಾರನನ್ನಾಗಿ ನೇಮಿಸಿಕೊಂಡಿತು. ಹೊರಗೆ ಕುಳಿತು ವಾದಿಸುತ್ತಿದ್ದವನು ನಿರ್ಧಾರ ಮಾಡುವ ಕೋಣೆಯೊಳಕ್ಕೆ ಬಂದ.

ಈಚಿನ ದಶಕಗಳಲ್ಲಿ ಮೊತ್ತಗಳು ಬೆಳೆದವೇ ವಿನಾ ಹೊಸ ತತ್ತ್ವ ಹುಟ್ಟಿದ್ದು ಕಡಮೆ. ಅಲೆಕ್ಸ್ ರಾಡ್ರಿಗೆಸ್‌ಗೆ 2000 ದಲ್ಲಿ ಹತ್ತು ವರ್ಷಕ್ಕೆ 25.2 ಕೋಟಿ ಡಾಲರ್. 2023 ರಲ್ಲಿ ಜಪಾನಿನ ಶೋಹೇ ಒಹ್ತಾನಿಗೆ ಹತ್ತು ವರ್ಷಕ್ಕೆ 70 ಕೋಟಿ, ಅದರಲ್ಲಿ 68 ಕೋಟಿ ಕರಾರಿನ ಅವಧಿ ಮುಗಿದ ಮೇಲೆ ಸಲ್ಲತಕ್ಕದ್ದು. 2024 ರಲ್ಲಿ ಹುವಾನ್ ಸೋಟೊಗೆ ಹದಿನೈದು ವರ್ಷಕ್ಕೆ 76.5 ಕೋಟಿ. ಭಾರತದ ಸಂಬಂಧವೊಂದು 2008 ರ ನವೆಂಬರಿನದು: ಉತ್ತರ ಪ್ರದೇಶದ ಭರ್ಜಿ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಪಿಟ್ಸ್‌ಬರ್ಗ್ ತಂಡದ ಕರಾರಿಗೆ ರುಜು ಹಾಕಿದರು.

ಚಳಿಗಾಲದ ಕಟ್ಟಕಡೆಯ ವಾದ ಎಂದಿಗೂ ಕೂಪರ್ಸ್‌ಟೌನಿನ ಕೀರ್ತಿಮಂದಿರವನ್ನು ಕುರಿತದ್ದು. 1936 ರ ಮೊದಲ ಮತದಾನದಿಂದ ಇಂದಿನವರೆಗೆ ಪತ್ರಕರ್ತರಲ್ಲಿ ನೂರಕ್ಕೆ ಎಪ್ಪತ್ತೈದು ಮಂದಿ ಒಪ್ಪಿದವರಿಗೆ ಅಲ್ಲಿ ಪ್ರವೇಶ. ಅವರಿಂದ ಆಯ್ಕೆಯಾಗದೆ ಉಳಿದವರನ್ನು ಬೇರೆ ಸಮಿತಿಗಳು ಪರಿಶೀಲಿಸುತ್ತವೆ. ಹಂಟರ್ 1987 ರಲ್ಲಿ ಸೇರಿದ. ಆಟಗಾರರ ಸಂಘವನ್ನು 1966 ರಿಂದ ನಡೆಸಿದ ಮಾರ್ವಿನ್ ಮಿಲ್ಲರ್ ಆಯ್ಕೆಯಾದದ್ದು 2019 ರಲ್ಲಿ, ತೀರಿಕೊಂಡು ಏಳು ವರ್ಷವಾದ ಮೇಲೆ. ಫ್ಲಡ್‌ಗೆ ಬದಲಾಗಿ ಸೇಂಟ್ ಲೂಯಿಸ್‌ಗೆ ಬಂದಿದ್ದ ಡಿಕ್ ಆ್ಯಲನ್ 2024 ರ ಡಿಸೆಂಬರಿನಲ್ಲಿ ಮರಣೋತ್ತರವಾಗಿ ಆಯ್ಕೆಯಾದ. 1997 ರ ಜನವರಿಯಲ್ಲಿ ತೀರಿಕೊಂಡ ಕರ್ಟ್ ಫ್ಲಡ್‌ನ ಹೆಸರು ಆ ಮಂದಿರದ ಫಲಕಗಳಲ್ಲಿ ಇಲ್ಲ.