ನಗರ ವಸತಿರಹಿತರ ಆಶ್ರಯ ಯೋಜನೆ

ನಗರ ವಸತಿರಹಿತರ ಆಶ್ರಯ ಯೋಜನೆಯು ಬೀದಿಬದಿ, ರೈಲು ನಿಲ್ದಾಣ ಮತ್ತು ಮೇಲ್ಸೇತುವೆಗಳ ಕೆಳಗೆ ಮಲಗುವ ಜನರಿಗೆ ವರ್ಷವಿಡೀ ತೆರೆದಿರುವ ಆಶ್ರಯತಾಣ ಒದಗಿಸಲು ಭಾರತ ಸರ್ಕಾರವು ರೂಪಿಸಿದ ಅನುದಾನ ಯೋಜನೆಯಾಗಿತ್ತು. ಇದು 2013ರಲ್ಲಿ ಆರಂಭವಾಗಿ 2024ರಲ್ಲಿ ಮುಗಿದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಒಂದು ಘಟಕವಾಗಿತ್ತು.

ಹಿನ್ನೆಲೆ

2011ರ ಜನಗಣತಿಯ ಪ್ರಕಾರ ದೇಶದ ನಗರಗಳಲ್ಲಿ ಸುಮಾರು 9.38 ಲಕ್ಷ ವಸತಿರಹಿತರಿದ್ದರು. ಆಹಾರದ ಹಕ್ಕಿಗಾಗಿ ಪಿಯುಸಿಎಲ್ ಸಂಸ್ಥೆಯು 2001ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಆಶ್ರಯತಾಣಗಳ ಬಗ್ಗೆಯೂ ಆದೇಶ ನೀಡಿತು.

ಅನುದಾನ

ಪ್ರತಿ ಒಂದು ಲಕ್ಷ ನಗರ ಜನಸಂಖ್ಯೆಗೆ ಕನಿಷ್ಠ 100 ಜನರ ಆಶ್ರಯತಾಣವಿರಬೇಕೆಂಬುದು ಯೋಜನೆಯ ಮಾನದಂಡವಾಗಿತ್ತು. ನಗರ ಸ್ಥಳೀಯ ಸಂಸ್ಥೆಯು ವಸತಿರಹಿತರ ಸಮೀಕ್ಷೆಯ ಆಧಾರದ ಮೇಲೆ ಪ್ರಸ್ತಾವನೆ ಸಿದ್ಧಪಡಿಸುತ್ತಿತ್ತು. ರಾಜ್ಯಮಟ್ಟದ ಸಮಿತಿಯು ಅದಕ್ಕೆ ಮಂಜೂರಾತಿ ನೀಡುತ್ತಿತ್ತು. ಕೇಂದ್ರ ಮತ್ತು ರಾಜ್ಯಗಳ ವೆಚ್ಚದ ಪಾಲು ಮೊದಲು 75:25 ಇದ್ದು, ನಂತರ 60:40 ಆಯಿತು. ಈಶಾನ್ಯ ರಾಜ್ಯಗಳಿಗೆ ಇದು 90:10 ಆಗಿತ್ತು. ನಿರ್ವಹಣೆಗೆ ಐದು ವರ್ಷ ಮಾತ್ರ ನೆರವು ದೊರೆಯುತ್ತಿದ್ದುದರಿಂದ, ಅನಂತರದ ಖರ್ಚಿಗೆ ಸ್ಥಳೀಯ ಸಂಸ್ಥೆಯು ಬೇರೆ ಮೂಲ ಕಂಡುಕೊಳ್ಳಬೇಕಿತ್ತು.

ಅನುಷ್ಠಾನ

ಹಣ ಲಭ್ಯವಿದ್ದರೂ ಆಶ್ರಯತಾಣಗಳು ಸಾಕಷ್ಟು ನಿರ್ಮಾಣವಾಗದ ಬಗ್ಗೆ 2016ರಲ್ಲಿ ಅಸಮಾಧಾನ ವ್ಯಕ್ತಪಡಿಸಿದ ಸರ್ವೋಚ್ಚ ನ್ಯಾಯಾಲಯವು ಪರಿಶೀಲನೆಗಾಗಿ ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು.