ಗಣಿ ಮುಚ್ಚಿತು, ಆಸರೆಯೂ ಹೋಯಿತು

ಬೆಳಗಿನ ರೈಲಿನಲ್ಲಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಕೂಲಿಗೆ ಹೋಗುವ ಕೆಜಿಎಫ್‌ನವರ ಹಿಂದೆ ದೊಡ್ಡ ಚರಿತ್ರೆಯಿದೆ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಗಣಿ ತೆರೆದ ಮೇಲೆ ಸುರಂಗಕ್ಕಿಳಿದವರಲ್ಲಿ ಹೆಚ್ಚಿನವರು ತಮಿಳು ಸೀಮೆಯ ದಲಿತರು. ಸಂಬಳ, ಲೈನ್ ಮನೆ, ಆಸ್ಪತ್ರೆ ಎಲ್ಲವೂ ಕಂಪನಿಯವೇ. ಬೆರಳಚ್ಚು ನೋಂದಣಿ ವಿರೋಧಿಸಿ 1930ರಲ್ಲಿ ಮುಷ್ಕರ ಹೂಡಿದರು. ಕಲ್ಲುಧೂಳಿನಿಂದ ಬರುವ ಸಿಲಿಕೋಸಿಸ್ ರೋಗಕ್ಕೆ 1940ರಲ್ಲಿ ಮೈಸೂರು ಸರ್ಕಾರ ನಿಯಮ ತಂದಿತು.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಸಂಬಳದ ಜೊತೆ ಗಣಿ ಆಸ್ಪತ್ರೆಯೂ ಹೋಯಿತು. ಸುತ್ತಲಿನ ಹಳ್ಳಿಗಳಲ್ಲಿ ಹಾಲಿನ ಸಹಕಾರ ಸಂಘಗಳು ರೈತರನ್ನು ಬರಗಾಲದಲ್ಲೂ ಕಾದವು. ಆದರೆ ಹಸು ಕಟ್ಟಲು ಜಾಗವಿಲ್ಲದ ಲೈನ್ ಮನೆಯವರಿಗೆ ಆ ಸಂಘದ ಬಾಗಿಲು ತೆರೆಯಲಿಲ್ಲ. ಭದ್ರತೆ ಕೆಲಸಕ್ಕಲ್ಲ, ದುಡಿದ ಮನುಷ್ಯನಿಗೆ ಸಿಗಬೇಕು. ಕೆಜಿಎಫ್ ಕಲಿಸಿದ ಪಾಠ ಇದು.